ತೂಕ ಕೇಳಬೇಡಿ, ಟೇಪು ಎಲ್ಲಿ ಅಂತ ಕೇಳಿ

ಇದನ್ನು ಓದಿದ ಮೇಲೆ ಇಬ್ಬರು ಮೂವರು ಗೆಳೆಯರಾದರೂ ನನ್ನ ಫೋನು ಎತ್ತುವುದಿಲ್ಲ ಅಂತ ಗೊತ್ತು. ಎತ್ತದಿದ್ದರೆ ಬೇಡ. ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿ ಸಾಕಾಗಿದೆ, ಹೇಳಿಬಿಡುತ್ತೇನೆ.

ಮಾಹೀಮಿನ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿಸಿ ಮೆಟ್ಟಿಲು ಇಳಿಯುತ್ತಿದ್ದೆ. ಒಬ್ಬ ಹುಡುಗ ಸಿಕ್ಕಿದ. ಹುಡುಗ ಅಂದರೆ ನಲವತ್ತು ದಾಟಿದವನೇ, ನನ್ನ ಲೆಕ್ಕದಲ್ಲಿ ಹುಡುಗ. ಮೂಲ ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದು ಮುಲುಂಡ್, ಈಗ ಠಾಣೆಯ ಘೋಡ್‌ಬಂದರ್ ರೋಡಿನಲ್ಲಿ ಹದಿನೇಳನೇ ಮಾಳಿಗೆ. "ಅಂಕಲ್, ನೀವು ಸ್ಟೀಲಿ ಡ್ಯಾನ್ ಕೇಳ್ತೀರಂತೆ, ಹೌದಾ? 'ಏಜಾ' ತರಿಸಿದ್ದೇನೆ, ಯುಎಚ್‌ಕ್ಯೂಆರ್. ಭಾನುವಾರ ಮನೆಗೆ ಬನ್ನಿ, ಊಟ ನಮ್ಮಲ್ಲೇ" ಅಂದ. ನನಗೂ ಆಸೆ. ಹೋದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟೀಲಿ ಡ್ಯಾನ್ ಅಂದರೆ ಡೊನಾಲ್ಡ್ ಫೇಗನ್, ವಾಲ್ಟರ್ ಬೆಕರ್ ಎಂಬ ಇಬ್ಬರು ಅಮೆರಿಕನ್ನರು, ಅವರ ಸುತ್ತ ಬಾಡಿಗೆಗೆ ಬಂದು ನುಡಿಸುವ ಸ್ಟುಡಿಯೋ ಕಲಾವಿದರು. 1977ರಲ್ಲಿ ಬಂದ ಅವರ 'ಏಜಾ' ಜಾಝ್-ರಾಕ್ ಅನ್ನುವ ಜಾತಿಯ ರೆಕಾರ್ಡುಗಳಲ್ಲಿ ಬಹಳ ಹೆಸರಾದದ್ದು. ಒಟ್ಟು ಏಳೇ ಹಾಡು, ನಲವತ್ತು ನಿಮಿಷ. ನುಡಿಸಿದವರು ಸುಮಾರು ನಲವತ್ತು ಮಂದಿ. ಮೈಲ್ಸ್ ಡೇವಿಸ್ ಜೊತೆಗಿದ್ದ ವೇಯ್ನ್ ಶಾರ್ಟರ್ ಒಂದು ಹಾಡಿಗೆ ಬಂದು ಸ್ಯಾಕ್ಸೋಫೋನ್ ಊದಿ ಹೋದರು, ಸ್ಟೀವ್ ಗ್ಯಾಡ್ ಡ್ರಮ್ ಬಾರಿಸಿದರು, ಅದೊಂದೇ ಹಾಡು ಸಾಕು. ಧ್ವನಿಮುದ್ರಣಕ್ಕೆ ಗ್ರ್ಯಾಮಿ ಬಂತು. ಹೈ-ಫೈ ಅಂಗಡಿಯವರು ಸ್ಪೀಕರ್ ಮಾರಬೇಕಾದರೆ ಇವತ್ತಿಗೂ ಇದನ್ನೇ ಹಾಕಿ ತೋರಿಸುತ್ತಾರೆ.

ನನಗೆ ಇದು ಮೊದಲು ಸಿಕ್ಕಿದ್ದು 1984ರಲ್ಲಿ. ಫೋರ್ಟಿನ ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಬಾಂದ್ರಾದ ಗೋವಾ ಗೆಳೆಯ ಟಿಡಿಕೆ ಕ್ಯಾಸೆಟ್ಟಿನಲ್ಲಿ ತುಂಬಿಸಿ ಕೊಟ್ಟಿದ್ದ. ಹಗಲು ಲೆಡ್ಜರು, ರಾತ್ರಿ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು. ಅವನ ಸೋದರಮಾವ ಹಿಂದಿ ಸಿನಿಮಾದ ಸ್ಟುಡಿಯೋಗಳಲ್ಲಿ ಟ್ರಂಪೆಟ್ ಊದುತ್ತಿದ್ದವರು. ಈ ಮಾವನ ಕತೆ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಹುಡುಗನ ತಟ್ಟೆಯ ವಿಚಾರ. ಅಮೆರಿಕದ ಅನಲಾಗ್ ಪ್ರೊಡಕ್ಷನ್ಸ್ ಎಂಬ ಕಂಪನಿ 2023ರಲ್ಲಿ ಹೊರತಂದದ್ದು. ಬೆಲೆ 150 ಡಾಲರ್. ನಮ್ಮ ದುಡ್ಡಿನಲ್ಲಿ ಹನ್ನೆರಡು-ಹದಿಮೂರು ಸಾವಿರ, ಸಾಗಣೆ, ಸುಂಕ ಬೇರೆ. ಕಾನ್ಸಾಸ್ ರಾಜ್ಯದ ಸಲೈನಾ ಎಂಬ ಊರಿನಲ್ಲಿ ಒತ್ತಿದ್ದು. ತಲಾ 200 ಗ್ರಾಂ ತೂಕದ ಎರಡು ತಟ್ಟೆ, ನಿಮಿಷಕ್ಕೆ 45 ಸುತ್ತು. ಪೆಟ್ಟಿಗೆ ನೋಡಿದರೆ ಮದುವೆ ಸೀರೆಯ ಪೆಟ್ಟಿಗೆ ಇದ್ದ ಹಾಗೆ.

ಹುಡುಗ ಕಿಟಕಿ ಮುಚ್ಚಿದ, ಏಸಿ ಆರಿಸಿದ, ಫ್ಯಾನು ನಿಲ್ಲಿಸಿದ. ಮೇ ತಿಂಗಳ ಠಾಣೆ, ನೀವೇ ಊಹಿಸಿಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ತಟ್ಟೆ ತಿರುಗಿಸುತ್ತಿದ್ದ. ಏಳು ಹಾಡಿಗೆ ನಾಲ್ಕು ಮಗ್ಗುಲು! ದೋಸೆ ಮಗುಚಿ ಹಾಕಿದ ಹಾಗೆ. ಎರಡನೇ ಮಗ್ಗುಲಿಗೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಹುಡುಗನ ಮುಖ ನೋಡಬೇಕಿತ್ತು. ಹೆಂಡತಿಗೆ ಏನೂ ಹೇಳುವ ಹಾಗಿಲ್ಲ, ಊಟಕ್ಕೆ ಕರೆದದ್ದು ಅವನೇ.

ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಗ್ಯಾಡ್ ಬಾರಿಸುವಾಗ ಚರ್ಮ ಬೇರೆ, ಮರ ಬೇರೆ, ಕಂಚು ಬೇರೆ ಅಂತ ಬಿಡಿಸಿ ಕೇಳುತ್ತಿತ್ತು. 45 ಸುತ್ತಿನಲ್ಲಿ ಗೆರೆ ಮುಳ್ಳಿನ ಕೆಳಗೆ ಬೇಗ ಓಡುತ್ತದೆ, ಒಂದೊಂದು ಕ್ಷಣದ ಸದ್ದಿಗೂ ಜಾಗ ಹೆಚ್ಚು ಸಿಗುತ್ತದೆ, ತಟ್ಟೆಯ ಒಳಸುತ್ತಿಗೆ ಬಂದಾಗ ಸದ್ದು ಕೆಡುವುದು ಕಡಿಮೆ. ಅದು ನಿಜವಾದ ಲಾಭ, ಒಪ್ಪಿದೆ. ಆದರೆ 200 ಗ್ರಾಂ ಅನ್ನುವುದಿದೆಯಲ್ಲ, ಅದಕ್ಕೂ ಸದ್ದಿಗೂ ಇರುವ ಸಂಬಂಧ ಬಹಳ ಸಣ್ಣದು. ದಪ್ಪ ತಟ್ಟೆ ಬಾಗುವುದು ಕಡಿಮೆ ಇರಬಹುದು, ಗೆರೆಯ ಆಳ ಮಾತ್ರ 120 ಗ್ರಾಮಿಗೂ ಅಷ್ಟೇ, 200 ಗ್ರಾಮಿಗೂ ಅಷ್ಟೇ. ತೂಕ ನೋಡಿ ಕೊಳ್ಳುವುದಕ್ಕೆ ಅದೇನು ಬಂಗುಡೆಯೇ ಮಾರಾಯ್ರೆ?

ಜಗಳ ಹತ್ತಿದ್ದು ಅದಕ್ಕಲ್ಲ. ಕೊನೆಯ ಮಗ್ಗುಲು ಮುಗಿದಾಗ ಹುಡುಗ ಹೇಳಿದ ಮಾತಿಗೆ. "ಅಂಕಲ್, ಇದು ಒರಿಜಿನಲ್. ಅವರ ಸ್ಟುಡಿಯೋದಿಂದ ಸೀದಾ ನಮ್ಮ ಕಿವಿಗೆ. ನಡುವೆ ಏನೂ ಇಲ್ಲ."

ನಡುವೆ ಏನೂ ಇಲ್ಲವೇ? ಈ ತಟ್ಟೆಗೆ ಬಳಸಿದ್ದು ಟೇಪಿನ ಒಂದು ಅನಲಾಗ್ ನಕಲು. ಇದನ್ನು ಹೇಳಿದ್ದು ಮಾರಿದ ಕಂಪನಿಯೇ, ನಾನಲ್ಲ. ನಕಲಿನಿಂದ ಕೊರೆದವರು ಬರ್ನಿ ಗ್ರಂಡ್‌ಮನ್, 1977ರಲ್ಲಿ ಮೊದಲ ಸಲ ಮಾಸ್ಟರ್ ಮಾಡಿದ್ದೂ ಅವರೇ. ಕೈ ಒಳ್ಳೆಯದು, ಹಾಗಾಗಿ ಫಲವೂ ಒಳ್ಳೆಯದು. ಇನ್ನೊಂದು ಸಂಗತಿ: 1999ರಲ್ಲಿ ಇದೇ ಆಲ್ಬಮ್ಮಿನ ಸೀಡಿ ಬಂದಾಗ ಫೇಗನ್ ಮತ್ತು ಬೆಕರ್, ಎರಡು ಹಾಡುಗಳ ಮೂಲ ಮಲ್ಟಿಟ್ರ್ಯಾಕ್ ಟೇಪು ಕಾಣೆಯಾಗಿದೆ, ಹುಡುಕಿ ಕೊಟ್ಟವರಿಗೆ 600 ಡಾಲರ್ ಬಹುಮಾನ ಅಂತ ಅದರ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಅಂಥಾ ಹೆಸರಿನ ರೆಕಾರ್ಡಿನ ಗತಿ ಇದು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದ ಗೋದಾಮಿಗೆ ಬೆಂಕಿ ಬಿದ್ದು ಟೇಪುಗಳ ರಾಶಿ ಸುಟ್ಟುಹೋಯಿತು. ಅದು ಹೊರಬಿದ್ದದ್ದು ಹನ್ನೊಂದು ವರ್ಷದ ಮೇಲೆ, 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದಾಗ. ಸುಟ್ಟದ್ದು ಎಷ್ಟು ಅಂತ ಕಂಪನಿಗೂ ಪತ್ರಿಕೆಗೂ ತಕರಾರು ನಡೆಯಿತು. ಹನ್ನೊಂದು ವರ್ಷ ಯಾರೂ ಕೇಳಲಿಲ್ಲ ಅನ್ನುವುದಕ್ಕೆ ಮಾತ್ರ ತಕರಾರಿಲ್ಲ.

ಇನ್ನು ಈ ಚಿನ್ನದ ಕಿವಿಯವರ ಕತೆ ಕೇಳಿ. ಮೊಬೈಲ್ ಫಿಡೆಲಿಟಿ ಅಂತ ಕ್ಯಾಲಿಫೋರ್ನಿಯಾದ ಕಂಪನಿ. ಮೂಲ ಮಾಸ್ಟರಿನಿಂದ ಮಾಡಿದ್ದು ಅಂತ ಹಣೆಪಟ್ಟಿ ಕಟ್ಟಿ, ಒಂದೊಂದು ವಿಶೇಷ ಮುದ್ರಣಕ್ಕೆ 125 ಡಾಲರ್ ಇಟ್ಟು ಮಾರುತ್ತಿದ್ದರು. 2022ರ ಜುಲೈಯಲ್ಲಿ ಅರಿಜೋನಾದ ಒಬ್ಬ ರೆಕಾರ್ಡ್ ಅಂಗಡಿಯವನು ನೇರವಾಗಿ ಹೋಗಿ ಕೇಳಿದಾಗ ಅವರ ಇಂಜಿನಿಯರುಗಳೇ ಒಪ್ಪಿಕೊಂಡರು: ನಡುವೆ ಡಿಜಿಟಲ್ ಕಡತ ಇದೆ, ವರ್ಷಗಳಿಂದ ಇದೆ. ಕೋರ್ಟು ಕಚೇರಿ ಆಯಿತು, ದುಡ್ಡು ವಾಪಸು ಕೊಡುವ ಒಪ್ಪಂದಕ್ಕೆ ಬಂತು. ನನ್ನ ಪ್ರಶ್ನೆ ಬೇರೆ. ಡಿಜಿಟಲ್ ಅಂದರೆ ಮೂಗು ಮುರಿಯುತ್ತಿದ್ದ, ಒಂದು ಸೆಕೆಂಡಿನಲ್ಲಿ ಕಂಡುಹಿಡಿಯುತ್ತೇನೆ ಅನ್ನುತ್ತಿದ್ದ ಈ ಮಂದಿ ಅಷ್ಟು ವರ್ಷ ಅದನ್ನೇ ಕೇಳಿ, ಆಹಾ ಇದಲ್ಲವೇ ಅನಲಾಗ್ ಅಂತ ಕಣ್ಣು ಮುಚ್ಚಿಕೊಂಡಿದ್ದರಲ್ಲ? ಕಿವಿಗೆ ಗೊತ್ತಾಗಲಿಲ್ಲ, ಯಾರೋ ಬಾಯಿಬಿಟ್ಟ ಮೇಲೆ ಗೊತ್ತಾಯಿತು!

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಬೇಜಾರಾದ. "ನನ್ನ ದುಡ್ಡು ಅಂಕಲ್, ನನ್ನ ಖುಷಿ" ಅಂದ. ಒಪ್ಪತಕ್ಕ ಮಾತೇ. ನಾವೇನು ಕಡಿಮೆಯೇ, ಊರಿನ ಮನೆಗೆ ವರ್ಷಕ್ಕೆ ಎಂಟು ದಿನ ಹೋಗುವುದಕ್ಕೆ ಇಟಾಲಿಯನ್ ಮಾರ್ಬಲ್ ಹಾಕಿಸಿದವರು. ಖುಷಿಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಅವನು ಕೊಂಡದ್ದು ಬರೀ ಖುಷಿಯನ್ನಲ್ಲ, 'ಮೂಲ' ಅನ್ನುವ ಶಬ್ದವನ್ನು. ಆ ಶಬ್ದಕ್ಕೆ ಅಷ್ಟು ದುಡ್ಡು ಕೊಡುವವನು ತಾನಿರುವ ಊರಿನ ಮೂಲಗಳು ಎಲ್ಲಿವೆ ಅಂತ ಒಂದು ಸಲವಾದರೂ ಕೇಳಬೇಕೋ ಬೇಡವೋ? ನನ್ನ ಸಿಟ್ಟು ಇಷ್ಟಕ್ಕೇ.

ಯಾಕೆಂದರೆ ಜಾಝಿಗೆ ನಮ್ಮ ಮುಂಬಯಿ ಹೊರಗಿನ ಊರಲ್ಲ. 1968ರಲ್ಲೇ ಇಲ್ಲಿ ಶಂಕರ್-ಜೈಕಿಶನ್ 'ರಾಗಾ ಜಾಝ್ ಸ್ಟೈಲ್' ಅಂತ ಒಂದು ಎಲ್ಪಿ ಮಾಡಿದರು. ಸಿನಿಮಾ ಅಲ್ಲ, ಹಾಡಿಲ್ಲ, ಬರೀ ವಾದ್ಯ. ತೋಡಿ, ಭೈರವ್, ಮಾಲಕೌಂಸ್, ಕಲಾವತಿ ಹೀಗೆ ಹನ್ನೊಂದು ರಾಗ. ರಯೀಸ್ ಖಾನ್ ಸಿತಾರು, ಮನೋಹಾರಿ ಸಿಂಗ್ ಸ್ಯಾಕ್ಸೋಫೋನು, ಜಾನ್ ಪಿರೇರಾ ಟ್ರಂಪೆಟ್, ಲೆಸ್ಲಿ ಗೊಡಿನ್ಹೊ ಡ್ರಮ್ಸ್. ಮೈಲ್ಸ್ ಡೇವಿಸರ 'ಬಿಚಸ್ ಬ್ರೂ' ಬಂದದ್ದು 1970ರಲ್ಲಿ, ಲೆಕ್ಕ ಹಾಕಿ. ಎಲ್ಲಾ ಚೆನ್ನಾಗಿದೆ ಅಂತಲ್ಲ, ಕೆಲವು ಕಡೆ ಸಿನಿಮಾದ ಕ್ಯಾಬರೆ ವಾಸನೆ ಇದೆ. ಆದರೂ ಹಗಲು ಒಂದು ಶಿಫ್ಟು, ರಾತ್ರಿ ಒಂದು ಶಿಫ್ಟು ಸಿನಿಮಾಕ್ಕೆ ನುಡಿಸುತ್ತಿದ್ದವರು ಒಂದು ಸಲ ತಮಗಾಗಿ ನುಡಿಸಿದ ಹಾಗಿದೆ. ಗೆಳೆಯನ ಮಾವನಂಥವರು. ಶಿಫ್ಟಿಗೆ ಇಷ್ಟು ಅಂತ ನಗದು, ಮನೆಗೆ. ಕವರಿನ ಮೇಲೆ ಹೆಸರು ಬಂದರೆ ಅದೇ ದೊಡ್ಡದು. ರಾಯಲ್ಟಿ ಅನ್ನುವ ಶಬ್ದ ಆ ಮಾವನ ಮನೆಯಲ್ಲಿ ನಾನು ಕೇಳಿದ್ದಿಲ್ಲ.

1978ರಲ್ಲಿ ಧೋಬಿ ತಲಾವಿನ ರಂಗ್ ಭವನದಲ್ಲಿ ಜಾಝ್ ಯಾತ್ರಾ ಶುರುವಾಯಿತು. ಸೋನಿ ರಾಲಿನ್ಸ್ ಬಂದು ಬಯಲಿನಲ್ಲಿ ನುಡಿಸಿದ ಊರು ಇದು. (ಆ ರಂಗ್ ಭವನ ಆಮೇಲೆ ಆಸ್ಪತ್ರೆ, ಕಾಲೇಜು ಪಕ್ಕದಲ್ಲಿದೆ, ನಿಶ್ಶಬ್ದ ವಲಯ ಅಂತ ಮೌನವಾಯಿತು. ಹೊರಗೆ ಹಾರ್ನಿಗೆ ಮಾತ್ರ ಯಾವ ವಲಯವೂ ಇಲ್ಲ.) ಮುಂದೆ ಇದೇ ಜಾಝ್ ಯಾತ್ರೆಯ ಹೆಸರಿನಲ್ಲಿ ಒಂದು ತಂಡವೂ ಕಟ್ಟಿಕೊಂಡಿತು. ಪಿಯಾನೋಗೆ ಲೂಯಿಸ್ ಬ್ಯಾಂಕ್ಸ್, ಸ್ಯಾಕ್ಸೋಫೋನಿಗೆ ಗೋವಾದ ಬ್ರಾಜ್ ಗೊನ್ಸಾಲ್ವಿಸ್, ಕಂಠಕ್ಕೆ ಯಾರು ಗೊತ್ತೇ? ಬೆಂಗಳೂರಿನ ಆರ್.ಎ. ರಮಾಮಣಿ. ಕರ್ನಾಟಕ ಸಂಗೀತದ ಸ್ವರ, ಕೊನ್ನಕೋಲು ಎಲ್ಲ ಜಾಝಿನ ನಡುವೆ ಇಟ್ಟು ಯುರೋಪಿಗೆ ಹೋಗಿ ಹಾಡಿ ಬಂದ ಹೆಣ್ಣುಮಗಳು.

ಹುಡುಗನಿಗೆ ಈ ಹೆಸರೇ ಗೊತ್ತಿರಲಿಲ್ಲ. ವೇಯ್ನ್ ಶಾರ್ಟರ್ ಯಾವ ಕಂಪನಿಯ ಸ್ಯಾಕ್ಸೋಫೋನ್ ಊದುತ್ತಿದ್ದರು ಅಂತ ಗೊತ್ತು, ರಮಾಮಣಿ ಯಾರು ಅಂತ ಗೊತ್ತಿಲ್ಲ. ಅವನ ಫೋನನ್ನೇ ತೆಗೆದುಕೊಂಡು 'ಜ್ಯೋತಿ' ಹುಡುಕಿ ಹಾಕಿದೆ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಬಾಸ್ಟನ್ನಿನ ಚಾರ್ಲಿ ಮರಿಯಾನೋ ಕೊಳಲು ಮತ್ತು ಸ್ಯಾಕ್ಸೋಫೋನು, ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಮೋರ್ಸಿಂಗ್, ಕಂಜೀರ. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ತಂಡ. ಅದಕ್ಕೂ ಮೊದಲೇ ಮ್ಯೂನಿಕ್ಕಿನ ಎಂಬ್ರಿಯೊ ಎಂಬ ಜಾಝ್-ರಾಕ್ ತಂಡದವರು ಬಸ್ಸಿನಲ್ಲಿ ಭಾರತಕ್ಕೆ ಬಂದು ಇವರ ಜೊತೆ ನುಡಿಸಿ ರೆಕಾರ್ಡು ಮಾಡಿಕೊಂಡು ಹೋಗಿದ್ದರು. ಫೋನಿನ ಆ ಕಡಲೆಕಾಳಿನಷ್ಟು ಸ್ಪೀಕರಿನಿಂದ ಕೊನ್ನಕೋಲು ಶುರುವಾದದ್ದೇ, ಅಡುಗೆಮನೆಯಿಂದ ಹುಡುಗನ ಹೆಂಡತಿ (ಮಲ್ಲೇಶ್ವರದವಳು) ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. "ಇದ್ಯಾರು ಅಂಕಲ್? ತಾಳ ಹಾಕ್ಬೇಕು ಅನ್ಸತ್ತೆ" ಅಂದಳು. 'ಏಜಾ' ನಡೆದ ಅಷ್ಟು ಹೊತ್ತು ಅವಳು ಈ ಕೋಣೆಗೆ ಬಂದಿರಲಿಲ್ಲ.

ಆಗ ಹೊಳೆದದ್ದು ಹೇಳುತ್ತೇನೆ. 'ಜ್ಯೋತಿ' ಇವತ್ತು ಇಷ್ಟು ಚೆನ್ನಾಗಿ ಕೇಳುವುದು ಯಾಕೆ? ಜರ್ಮನಿಯಲ್ಲಿ ಒಬ್ಬರು ಅದರ ಟೇಪನ್ನು ಜೋಪಾನ ಮಾಡಿದ್ದಾರೆ. ಇದೇ ಮಾಹೀಮಿನಲ್ಲಿ ಬೆಳೆದ ಜಾಕಿರ್ ಹುಸೇನ್ 1975ರಲ್ಲಿ ಜಾನ್ ಮೆಕ್ಲಾಫ್ಲಿನ್ ಜೊತೆ 'ಶಕ್ತಿ' ಮಾಡಿದರು. 2024ರ ಡಿಸೆಂಬರ್ 15ರಂದು ಅವರು ತೀರಿಕೊಂಡಾಗ ನಾವೆಲ್ಲ ಅದನ್ನೇ ಹಾಕಿಕೊಂಡು ಕೂತೆವು. ಅದು ಇದ್ದದ್ದು ಅಮೆರಿಕದ ಕೊಲಂಬಿಯಾ ಕಂಪನಿಯ ಕಪಾಟಿನಲ್ಲಿ. ನಮ್ಮವರ ಸಂಗೀತ ಪರದೇಶದ ಕಪಾಟು ಸೇರಿದರೆ ಬದುಕಿತು. ಇಲ್ಲಿ ಮಾಡಿದ್ದು?

ಇಲ್ಲಿ ಆಗ ಟೇಪೆಂದರೆ ಆಮದು ಮಾಲು, ದುಬಾರಿ. ಆಕಾಶವಾಣಿಯಲ್ಲೇ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಮುದ್ರಿಸಿದ ಕತೆ ಹಳಬರೆಲ್ಲರಿಗೂ ಗೊತ್ತು. ಉಳಿದದ್ದಕ್ಕೆ ನಮ್ಮ ಮಳೆಗಾಲ. ತೇವಕ್ಕೆ ಟೇಪಿನ ಅಂಟು ಬಿಟ್ಟು ಜಿಗುಟಾಗುತ್ತದೆ, ಹಾಗೇ ಯಂತ್ರಕ್ಕೆ ಹಾಕಿದರೆ ಪುಡಿ ಉದುರುತ್ತದೆ. ಹದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಒಂದೆರಡು ಸಲದೊಳಗೆ ನಕಲು ಇಳಿಸಿಕೊಳ್ಳಬೇಕು. ಅದಕ್ಕೆ ಗೊತ್ತಿರುವ ಕೈ ಬೇಕು, ದುಡ್ಡು ಬೇಕು, ಮೊದಲು ಟೇಪು ಎಲ್ಲಿದೆ ಅಂತ ಪಟ್ಟಿ ಬೇಕು.

ನೀರು ಟೇಪಿಗೆ ಏನು ಮಾಡುತ್ತದೆ ಅಂತ ನನಗೆ ಪುಸ್ತಕ ಓದಿ ತಿಳಿದದ್ದಲ್ಲ. 2005ರ ಜುಲೈ 26, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ಕಲೀನಾದಲ್ಲಿ ನಮ್ಮದು ಗ್ರೌಂಡ್ ಫ್ಲೋರ್ ಮನೆ. ನಾನು ಫೋರ್ಟಿನಿಂದ ನಡೆದು ಮನೆ ಸೇರಿದ್ದು ಮರುದಿನ ಮಧ್ಯಾಹ್ನ. ಎದೆಮಟ್ಟ ನೀರು ಬಂದು ಇಳಿದಿತ್ತು. ತಟ್ಟೆಗಳನ್ನು ತೊಳೆದೆವು, ಕವರು ಹೋದರೂ ತಟ್ಟೆ ಬದುಕಿತು. ಕ್ಯಾಸೆಟ್ಟುಗಳು, ಮುನ್ನೂರರ ಹತ್ತಿರ, ಒಂದೂ ಉಳಿಯಲಿಲ್ಲ. ಗೆಳೆಯ ತುಂಬಿಸಿಕೊಟ್ಟ ಆ ಟಿಡಿಕೆಯೂ ಅದರಲ್ಲಿತ್ತು. 'ಏಜಾ' ಹೋದದ್ದಕ್ಕೆ ಬೇಜಾರಿಲ್ಲ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಹಿಂದಿನ ಮಗ್ಗುಲಿನ ಕೊನೆಯಲ್ಲಿ ಉಳಿದ ಜಾಗದಲ್ಲಿ ಗೆಳೆಯ ತನ್ನ ಮಾವನನ್ನು ಮನೆಯಲ್ಲೇ ಕೂರಿಸಿ ನಾಲ್ಕು ನಿಮಿಷ ಟ್ರಂಪೆಟ್ ಊದಿಸಿದ್ದ. ಮಾವ ತೀರಿಹೋಗಿದ್ದರು. ಅದರ ನಕಲು ಗೆಳೆಯನ ಹತ್ತಿರವೂ ಇರಲಿಲ್ಲ.

ಇರಲಿ. ಮನೆಯ ವಿಚಾರ ಸಾಕು.

ಕನ್ನಡದ ಕಡೆಗೇ ಬನ್ನಿ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ್ದು ಯಾರಿಗೆ ಗೊತ್ತಿಲ್ಲ? ಈಗಿನವರು ನಗುವುದಕ್ಕೆ ಹಾಕುತ್ತಾರೆ. ನಗುವ ಮೊದಲು ಜಿ.ಕೆ. ವೆಂಕಟೇಶ್ ಅದರಲ್ಲಿ ಕೂರಿಸಿದ ವಾದ್ಯಗಳನ್ನು ಕೇಳಿ ಸ್ವಾಮಿ. ಆ ಬೇಸ್ ಗಿಟಾರ್, ಆ ಹಿತ್ತಾಳೆ ವಾದ್ಯಗಳು! ಆದರೆ ನಾವು ಕೇಳುವುದು ಎಲ್ಲಿಂದ? ಸವೆದ ತಟ್ಟೆಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸೀಡಿಗೆ, ಅಲ್ಲಿಂದ ಎಂಪಿತ್ರೀಗೆ ಇಳಿದು ಬಂದ, ಏಳು ಸಲ ಸೋಸಿದ ಚಹಾಪುಡಿಯಂಥ ಸದ್ದಿನಿಂದ. ಅದರ ಟೇಪು ಎಲ್ಲಿ ಅಂತ ಕೇಳುವುದಕ್ಕೆ ಹದಿಮೂರು ಸಾವಿರ ಬೇಡ, ಒಂದು ಕಾಗದ ಸಾಕು.

ಈಗ ನಮ್ಮಲ್ಲೂ ಎಲ್ಪಿ ಜ್ವರ ಬಂದಿದೆ. ಕಾಲಾ ಘೋಡಾದ ರಿದಮ್ ಹೌಸ್ 2016ರ ಫೆಬ್ರವರಿಯಲ್ಲಿ ಬಾಗಿಲು ಹಾಕಿದಾಗ ಅತ್ತವರೇ ಈಗ ಮಾಹೀಮಿನ ರೆಕಾರ್ಡ್ ಅಂಗಡಿಯಲ್ಲಿ ಸಿಗುತ್ತಾರೆ. 2024ರಲ್ಲಿ ನವಿ ಮುಂಬಯಿಯಲ್ಲಿ ತಟ್ಟೆ ಒತ್ತುವ ಕಾರ್ಖಾನೆಯೂ ಶುರುವಾಯಿತು, ಡಮ್‌ಡಮ್ಮಿನ ಎಚ್‌ಎಂವಿ ಕಾಲ ಮುಗಿದು ಎಷ್ಟೋ ವರ್ಷದ ಮೇಲೆ. ಸಂತೋಷ. ಹಳೆಯ ಸಿನಿಮಾ ಹಾಡುಗಳ ಎಲ್ಪಿಗಳು ಮತ್ತೆ ಬರುತ್ತಿವೆ, ಸಾವಿರಗಟ್ಟಲೆ ಬೆಲೆಗೆ. ಕವರಿನ ಮೇಲೆ ತೂಕ ದಪ್ಪ ಅಕ್ಷರದಲ್ಲಿರುತ್ತದೆ. ಯಾವ ಟೇಪಿನಿಂದ, ಯಾರು, ಯಾವ ವರ್ಷ ತಯಾರು ಮಾಡಿದರು ಅಂತ ನಾನು ಕೈಗೆತ್ತಿಕೊಂಡ ಒಂದರ ಮೇಲೂ ಕಾಣಲಿಲ್ಲ. ಸೀಡಿಯ ಕಡತವನ್ನೇ ತಟ್ಟೆಗೆ ಒತ್ತಿ ಕೊಟ್ಟರೂ ನಮಗೆ ತಿಳಿಯುವುದಿಲ್ಲ. ಕಡತದಿಂದ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕಡತದಿಂದ ಒಳ್ಳೆಯ ತಟ್ಟೆ ಆಗುತ್ತದೆ. 'ಏಜಾ'ದ್ದೇ ಮೂವತ್ತು ಡಾಲರಿನ ಸಾಮಾನ್ಯ ಮುದ್ರಣ ಗ್ರಂಡ್‌ಮನ್ನರ ಮಾಸ್ಟರಿನ ಡಿಜಿಟಲ್ ಕಡತದಿಂದಲೇ ಆಯಿತು, ಮತ್ತು ಹಾಗೆಂದು ಹೇಳಿಯೇ ಮಾರಿದರು. ಹೇಳಿ ಮಾರಿ ಅನ್ನುತ್ತೇನೆ. ಅಮೆರಿಕದವರು ಹೇಳುವುದಕ್ಕೆ ಕಲಿತದ್ದು ಅಲ್ಲಿನ ಗಿರಾಕಿ ಜಗಳ ಮಾಡಿದ್ದರಿಂದ. ನಮ್ಮ ಗಿರಾಕಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುತ್ತಾನೆ, ಇಲ್ಲಿ ಮಾತ್ರ ಬಾಯಿಗೆ ಬೀಗ.

ಸಂಗ್ರಾಹಕರ ಕೂಟಗಳಲ್ಲಿ ಇದನ್ನು ಹೇಳಿದರೆ ಸಿಗುವ ಉತ್ತರ ಒಂದೇ. ನಾವು ಕೇಳಿದರೆ ಕಂಪನಿಯವರು ಕೊಡುತ್ತಾರೆಯೇ? ಇಪ್ಪತ್ತು ಜನ ಕೇಳಲಿಲ್ಲ, ಹಾಗಾಗಿ ಕೊಡಲಿಲ್ಲ. ಟರ್ನ್‌ಟೇಬಲ್ಲಿನ ಕೆಳಗೆ ಇಡುವ ಕಲ್ಲಿನ ಚಪ್ಪಡಿಗೆ ಮೂವತ್ತು ಸಾವಿರ ಕೊಟ್ಟವರನ್ನು ನಾನು ಬಲ್ಲೆ. ಅಂಥ ಐದು ಚಪ್ಪಡಿಯ ದುಡ್ಡಿನಲ್ಲಿ ಮಾವನಂಥವರ ಮನೆಯ ಅಟ್ಟದಲ್ಲಿ ಬಿದ್ದಿರುವ ಎಷ್ಟೋ ಸುರುಳಿಗಳನ್ನು ಒಣಗಿಸಿ ಇಳಿಸಿಕೊಳ್ಳಬಹುದು. ಆ ಅಟ್ಟಗಳು ಬಾಂದ್ರಾದಲ್ಲಿವೆ, ದಾದರಿನಲ್ಲಿವೆ. ಕಟ್ಟಡಗಳು ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಮೊದಲು ಭಂಗಾರಿನವನಿಗೆ ಹೋಗುವುದು ಅಟ್ಟದ ಸಾಮಾನು.

ಠಾಣೆಯಿಂದ ಬಂದ ಮೇಲೆ ಹುಡುಗ ಎರಡು ವಾರ ಫೋನು ಮಾಡಲಿಲ್ಲ. ಆಮೇಲೆ ಒಂದು ಸಂದೇಶ ಬಂತು, 'ಜ್ಯೋತಿ'ಯ ಹಳೆಯ ಎಲ್ಪಿ ಮುಂಬಯಿಯಲ್ಲಿ ಎಲ್ಲಿ ಸಿಗಬಹುದು ಅಂತ. ಇಬ್ಬರೂ ಒಂದು ಶನಿವಾರ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಮೂರು ಗಂಟೆ ಧೂಳು ಕುಡಿದೆವು. ಸಿಗಲಿಲ್ಲ. ಅವನ ಕೈಗೆ ಒಂದು ಯಕ್ಷಗಾನದ ತಟ್ಟೆ ಸಿಕ್ಕಿತು, ಕವರಿಲ್ಲದ್ದು. ಕೊಂಡ.

ಹಿಂದೆ ಬರುವಾಗ ಹೊಸ ಎಲ್ಪಿ ಮಾರುವ ಒಂದು ದೊಡ್ಡ ಅಂಗಡಿಗೆ ಹೊಕ್ಕೆವು, ಹೆಸರು ಬೇಡ. ಹಳೆಯ ಹಿಂದಿ ಸಿನಿಮಾದ ಮರುಮುದ್ರಣವೊಂದನ್ನು ಕೈಗೆತ್ತಿಕೊಂಡು, ಇದನ್ನು ಯಾವ ಟೇಪಿನಿಂದ ಮಾಡಿದ್ದು ಅಂತ ಕೌಂಟರಿನ ಹುಡುಗನನ್ನು ಹಿಂದಿಯಲ್ಲಿ ಕೇಳಿದೆ. ಪಾಪ, ಒಳ್ಳೆಯ ಹುಡುಗ. ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಒಳಗಿನ ಚೀಟಿಯನ್ನೂ ತೆಗೆದು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ:

"ಅಂಕಲ್, ಒನ್ ಎಯ್ಟಿ ಗ್ರಾಮ್ ಹೈ."